ಭಾರತೀಕೃಷ್ಣ ತೀರ್ಥರು

ತುಂಗಾತೀರದ ಶೃಂಗೇರಿ ಶಾರದೆಯ ಸನ್ನಿಧಿಯೆಂದು ನಾಡಿಗೆಲ್ಲ ಪ್ರಸಿದ್ಧವಾಗಿದೆ. ಕೊಪ್ಪ, ನರಸಿಂಹರಾಜಪುರಗಳ ನೆರೆಯಲ್ಲಿರುವ ಮಲೆನಾಡಿನ ಈ ಕ್ಷೇತ್ರ ವೇದಾಂತದ ಜೊತೆಗೆ ಗಣಿತಚಿಂತನೆಗೂ ಒಮ್ಮೆ ಆಶ್ರಯವಿತ್ತಿತು. ಇಲ್ಲಿ ಸಾಧನೆಗೈದ ಆ ಮಹನೀಯರೇ ಭಾರತೀಕೃಷ್ಣ ತೀರ್ಥರು.

ಅವರ ಪೂರ್ವಾಶ್ರಮದ ಹೆಸರು ವೆಂಕಟರಾಮನ್. ತಿರುನೆಲ್ವೇಲಿಯಲ್ಲಿ ತಹಸೀಲ್ದಾರರಾಗಿದ್ದ ನರಸಿಂಹಶಾಸ್ತ್ರಿಗಳ ಪುತ್ರರಾಗಿ ಅವರು 1884ರಲ್ಲಿ ಜನಿಸಿದರು. ಸಂಸ್ಕೃತ, ಇಂಗ್ಲಿಷ್, ಗಣಿತಗಳಲ್ಲಿ ಅವರದು ಅಸಾಧಾರಣ ಪಾಂಡಿತ್ಯ. 1908ರಲ್ಲಿ ಶೃಂಗೇರಿಗೆ ಬಂದು ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳನ್ನು ಆಶ್ರಯಿಸಿದರು. ರಾಷ್ಟ್ರೀಯ ಶಿಕ್ಷಣದ ಕರೆಗೆ ಓಗೊಟ್ಟು ರಾಜಮಹೇಂದ್ರಿಯ ಕಾಲೇಜಿನಲ್ಲಿ ಮೂರು ವರ್ಷ ಪ್ರಾಂಶುಪಾಲರಾಗಿದ್ದರೂ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1911ರಲ್ಲಿ ಶೃಂಗೇರಿಗೆ ಮರಳಿ, ಸುಮಾರು ಎಂಟು ವರ್ಷ ಅಧ್ಯಯನದಲ್ಲಿಯೂ ಸಮೀಪದ ಕಾಡಿನ ಏಕಾಂತದಲ್ಲಿ ಧ್ಯಾನದಲ್ಲಿಯೂ ಕಳೆದರು. ಗಣಿತದ ಹದಿನಾರು ಸೂತ್ರಗಳು ತಮಗೆ ಗೋಚರಿಸಿದುದು ಈ ಸಾಧನೆಯ ಫಲವೆಂಬುದು ಅವರ ನಂಬಿಕೆ. 1919ರಲ್ಲಿ ಕಾಶಿಯಲ್ಲಿ ಸಂನ್ಯಾಸ ಸ್ವೀಕರಿಸಿ, 1921ರಲ್ಲಿ ದ್ವಾರಕೆಯ ಶಾರದಾಪೀಠವನ್ನೂ 1925ರಲ್ಲಿ ಪುರಿಯ ಗೋವರ್ಧನಪೀಠವನ್ನೂ ಏರಿದರು.

ಅವರಿಗೆ ಪ್ರಿಯವಾದ ವಿಷಯಗಳಲ್ಲಿ ಆವರ್ತ ದಶಮಾಂಶವೂ ಒಂದು. ಒಂದನ್ನು ಹತ್ತೊಂಬತ್ತರಿಂದ ಭಾಗಿಸಿದರೆ ದಶಮಾಂಶ ಬಿಂದುವಿನ ಬಳಿಕ 052631578947368421 ಎಂಬ ಹದಿನೆಂಟು ಅಂಕಿಗಳು ಮರಳಿ ಮರಳಿ ಬರುತ್ತವೆ. ದೀರ್ಘ ಭಾಗಾಕಾರವಿಲ್ಲದೆ ಇದನ್ನು ಪಡೆಯುವ ಬಗೆಯನ್ನು ಸ್ವಾಮಿಗಳು ತೋರಿಸಿದರು. ಹತ್ತೊಂಬತ್ತರಲ್ಲಿ ಒಂಬತ್ತರ ಹಿಂದಿನ ಅಂಕಿ ಒಂದು. ಅದಕ್ಕೆ ಒಂದನ್ನು ಕೂಡಿಸಿದರೆ ಎರಡು. ಬಲತುದಿಯಲ್ಲಿ ಒಂದನ್ನು ಬರೆದು, ಎಡಕ್ಕೆ ಸಾಗುತ್ತ ಪ್ರತಿ ಅಂಕಿಯನ್ನೂ ಎರಡರಿಂದ ಗುಣಿಸಿ, ಕೈಯಲ್ಲಿ ಉಳಿದುದನ್ನು ಮುಂದಿನ ಗುಣಲಬ್ಧಕ್ಕೆ ಸೇರಿಸುತ್ತ ಹೋದರೆ ಸಾಲು ಪೂರ್ಣವಾಗುತ್ತದೆ. ಅದರ ಎರಡು ಅರ್ಧಗಳನ್ನು ಕೂಡಿಸಿದರೆ ಬರುವುದೆಲ್ಲ ಒಂಬತ್ತೇ.

ಈ ಸೊಬಗಿನ ಮೂಲವಿರುವುದು ಹತ್ತೊಂಬತ್ತೆಂಬ ಅವಿಭಾಜ್ಯ ಸಂಖ್ಯೆಯ ಗುಣದಲ್ಲಿ. ಭಾಗಿಸುವಾಗ ಉಳಿಯಬಹುದಾದ ಶೇಷಗಳು ಒಂದರಿಂದ ಹದಿನೆಂಟರವರೆಗೆ ಮಾತ್ರ. ಇಲ್ಲಿ ಅವೆಲ್ಲವೂ ಒಂದೊಂದು ಸಲ ಬಂದ ಮೇಲೆಯೇ ಆವರ್ತ ಮುಗಿಯುತ್ತದೆ. ತೊಂಬತ್ತೇಳರ ಆವರ್ತದಲ್ಲಿ ತೊಂಬತ್ತಾರು ಅಂಕಿಗಳಿವೆ. ಆದರೆ ಹದಿಮೂರೂ ಅವಿಭಾಜ್ಯವಾಗಿದ್ದರೂ ಅದರ ಆವರ್ತ ಆರೇ ಅಂಕಿಗಳದು. ಹತ್ತೊಂಬತ್ತು, ತೊಂಬತ್ತೇಳರಂತಹ ಅವಿಭಾಜ್ಯಗಳು ಅನಂತವಾಗಿವೆಯೇ ಎಂಬ ಪ್ರಶ್ನೆಗೆ ಗಣಿತಜ್ಞರು ಇಂದಿಗೂ ಸಾಧನೆ ಕಂಡುಕೊಂಡಿಲ್ಲ.

ಸ್ವಾಮಿಗಳು ಬರೆದಿಟ್ಟಿದ್ದ ಹದಿನಾರು ಸಂಪುಟಗಳು ಕಳೆದುಹೋದವೆಂದು ಅವರ ಶಿಷ್ಯರು ತಿಳಿಸಿದ್ದಾರೆ. ಅವರು ಎದೆಗುಂದದೆ ಇಳಿವಯಸ್ಸಿನಲ್ಲಿ ನೆನಪಿನಿಂದಲೇ ಒಂದು ಸಂಪುಟವನ್ನು ರಚಿಸಿದರು. 1958ರಲ್ಲಿ ಅಮೆರಿಕಕ್ಕೆ ಹೋಗಿ ಉಪನ್ಯಾಸಗಳನ್ನಿತ್ತರು. 1960ರಲ್ಲಿ ಮುಂಬಯಿಯಲ್ಲಿ ದೇಹತ್ಯಾಗ ಮಾಡಿದರು. ಗ್ರಂಥ ಅಚ್ಚಾದುದು 1965ರಲ್ಲಿ. ಅದಕ್ಕೆ ವೇದಗಣಿತವೆಂದು ಹೆಸರಾಯಿತು.

ಈ ಸೂತ್ರಗಳು ಅಥರ್ವವೇದದ ಪರಿಶಿಷ್ಟಕ್ಕೆ ಸೇರಿದವೆಂದು ಸ್ವಾಮಿಗಳು ಭಾವಿಸಿದ್ದರು. ತಿಳಿದಿರುವ ಯಾವ ಪರಿಶಿಷ್ಟದಲ್ಲಿಯೂ ಅವು ದೊರೆಯುವುದಿಲ್ಲವೆಂದು ವಿದ್ವಾಂಸರು ಹುಡುಕಿ ನೋಡಿ ಹೇಳಿದ್ದಾರೆ. ಗ್ರಂಥದ ಸಂಪಾದಕರೂ ಇದನ್ನು ಮರೆಮಾಚಲಿಲ್ಲ. ಆದುದರಿಂದ ಇವನ್ನು ಸ್ವಾಮಿಗಳದೇ ರಚನೆಯೆಂದು ತಿಳಿಯುವುದು ಸತ್ಯಕ್ಕೆ ಸಮೀಪವಾದುದು. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಮೇಲಿನ ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ತನ್ನ ಕೈಯಾರೆ ಮಾಡಿ ಪರೀಕ್ಷಿಸಬಹುದು. ಪೂಜ್ಯರು ಹೇಳಿದುದನ್ನೂ ಹೀಗೆ ಪರೀಕ್ಷಿಸಿ ಸ್ವೀಕರಿಸುವುದೇ ಗಣಿತವನ್ನು ಪ್ರೀತಿಸಿದ ಆ ಯತಿಗಳಿಗೆ ನಾವು ಸಲ್ಲಿಸಬಹುದಾದ ಗೌರವ.