ನಂದಲಾಲ್ ಬೋಸ್: ಪ್ರತಿ ಮಾಡಿದ ಕೈ, ಸ್ವಂತ ಗೆರೆ

ನಂದಲಾಲ್ ಬೋಸ್ ಹುಟ್ಟಿದ್ದು 1882ರಲ್ಲಿ, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಊರಿನ ಕುಂಬಾರರು ಗೊಂಬೆ ಮಾಡುವುದನ್ನು ನೋಡಿ ತಾನೂ ಮಣ್ಣು ಕಲಸುತ್ತಿದ್ದ ಹುಡುಗ. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ, ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. ಮನೆಯವರು ವಾಣಿಜ್ಯ ಓದಲು ಹಾಕಿದರು. ಕೊನೆಗೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿನ ನಮ್ಮ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರು.

ಸೃಜನಶೀಲತೆ ಬೆಳೆಯಬೇಕಾದರೆ ಮಕ್ಕಳು ನಕಲು ಮಾಡಬಾರದು ಎಂದು ಪಾಠಯೋಜನೆಯಲ್ಲಿ ನಾವು ಸಲೀಸಾಗಿ ಬರೆಯುತ್ತೇವೆ. ನಂದಲಾಲರ ಬದುಕು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಲೇಡಿ ಹೆರಿಂಗ್‌ಹ್ಯಾಮ್ ಅವರ ತಂಡದೊಂದಿಗೆ ಅಜಂತಾಕ್ಕೆ ಹೋಗಿ ಅವರು ಭಿತ್ತಿಚಿತ್ರಗಳನ್ನು ಪ್ರತಿ ಮಾಡಿದರು. 1921ರಲ್ಲಿ ಬಾಘ್ ಗುಹೆಗಳಲ್ಲೂ ಅದೇ ಕೆಲಸ. ಆಗ ಅವರು ವಿದ್ಯಾರ್ಥಿಯಲ್ಲ, ಹೆಸರಾದ ಕಲಾವಿದ. ಒಂದು ಗೆರೆಯಲ್ಲೇ ಮೈಯ ತಿರುವು ತೋರಿಸುವುದನ್ನು ಅವರ ಕೈ ಕಲಿತದ್ದು ಹೀಗೆ ಎಂದು ನನಗೆ ತೋರುತ್ತದೆ.

ಅದರ ಫಲ 1930ರ ಲಿನೋಕಟ್‌ನಲ್ಲಿ ಕಾಣುತ್ತದೆ. ಲಿನೋಲಿಯಂ ಹಾಳೆಯಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆದು, ಉಳಿದುದಕ್ಕೆ ಶಾಯಿ ಹಚ್ಚಿ ಅಚ್ಚೊತ್ತುವ ಪದ್ಧತಿ ಅದು. ತಪ್ಪಿ ಕೆತ್ತಿದ ಗೆರೆಯನ್ನು ಅಳಿಸಲಾಗದು. ಉಪ್ಪಿನ ಸತ್ಯಾಗ್ರಹದ ಗಾಂಧೀಜಿ ಅಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೆಲವೇ ಬಿಳಿ ಗೆರೆಗಳು: ಒಂದು ಕೋಲು, ಮುಂದಿಟ್ಟ ಹೆಜ್ಜೆ. ಅದೇ ವರ್ಷ ರವೀಂದ್ರನಾಥ ಠಾಕೂರರ ಬಂಗಾಳಿ ಬಾಲಪಾಠ ಸಹಜ ಪಾಠಕ್ಕೂ ಅವರೇ ಚಿತ್ರ ಕೆತ್ತಿದರು. ಕಪ್ಪು ಹಲಗೆಯ ಮೇಲೆ ಹೃದಯದ ಚಿತ್ರ ಬರೆಯುವ ನಾವು ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಆ ಪುಟಗಳನ್ನು ಒಮ್ಮೆ ನೋಡಬೇಕು. ಯಾವ ಗೆರೆ ಬಿಡಬೇಕು ಎಂಬುದೇ ನಮಗೂ ಕಷ್ಟದ ಪ್ರಶ್ನೆ.

1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ, ಗಾಂಧೀಜಿಯವರ ಕೋರಿಕೆಯಂತೆ, 80ಕ್ಕೂ ಹೆಚ್ಚು ಭಿತ್ತಿಪತ್ರಗಳು ಸಿದ್ಧವಾದವು. ಕೈಕಾಗದ, ಮಣ್ಣಿನ ಬಣ್ಣ, ಅಗಲ ಕುಂಚದ ಓಟ. ಬಡಗಿ, ಕುಸ್ತಿಪಟು, ಡೋಲು ಬಾರಿಸುವವ ಹೀಗೆ ಎಲ್ಲರೂ ದುಡಿಯುವ ಜನ. ದೂರದಿಂದ ಬರುವ ಹಳ್ಳಿಗರಿಗೂ ಒಂದೇ ನೋಟಕ್ಕೆ ತಿಳಿಯುವಂಥವು.

1920ರ ದಶಕದಿಂದ 1951ರವರೆಗೆ ಅವರು ಶಾಂತಿನಿಕೇತನದ ಕಲಾಭವನವನ್ನು ನಡೆಸಿದರು. ನಿಸರ್ಗ, ಪರಂಪರೆ, ಸ್ವಂತಿಕೆ ಮೂರೂ ಕೂಡಿದರೆ ಕಲೆ ಎಂಬುದು ಅವರ ಪಾಠದ ತಿರುಳು. ವಿದ್ಯಾರ್ಥಿಗಳಿಗೆ ಅಂಚೆಕಾರ್ಡಿನಲ್ಲಿ ಚಿತ್ರ ಬರೆದು ಕಳಿಸುತ್ತಿದ್ದರು. ರಾಮಕಿಂಕರ್ ಬೈಜ್ ಸಿಮೆಂಟು ಮತ್ತು ಜಲ್ಲಿಯಲ್ಲಿ ಶಿಲ್ಪ ಮಾಡಿದರು. ಸತ್ಯಜಿತ್ ರಾಯ್ ಕೋರ್ಸು ಮುಗಿಸದೆ ಹೊರಟು, 1943ರಲ್ಲಿ ಜಾಹೀರಾತು ಕಂಪನಿ ಸೇರಿ, ಪುಸ್ತಕಗಳ ಮುಖಪುಟ ವಿನ್ಯಾಸಕ್ಕೆ ಹೊಸ ರೂಪ ಕೊಟ್ಟರು. ಇಬ್ಬರ ಕೆಲಸವೂ ಗುರುವಿನ ಕೆಲಸದಂತಿಲ್ಲ.

ಸಂವಿಧಾನದ ಕೈಬರಹದ ಪ್ರತಿಯನ್ನು ಅಲಂಕರಿಸುವ ಹೊಣೆ ಬಂದಾಗಲೂ ಅವರು ಶಿಷ್ಯರನ್ನು ಜೊತೆಗೆ ಸೇರಿಸಿಕೊಂಡರು. ನಾವು ಶಾಲೆಗಳಲ್ಲಿ ಓದಿಸುವ ಪೀಠಿಕೆಯ ಆ ಮೂಲ ಪುಟದ ಅಂಚಿನ ಚಿತ್ತಾರ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ ಅವರದು. ಕೆಳಮೂಲೆಯ ಪುಟ್ಟ ಸಹಿಯೂ ಅವರದೇ.