ನಾಲ್ಕು ಬಾರಿ ಗೆದ್ದ ಚಕ್ರವೀರ

ಚಕ್ರ ಎಸೆತವು ಅತಿ ಪ್ರಾಚೀನ ಕ್ರೀಡೆಗಳಲ್ಲೊಂದು. ಪುರುಷರು ಎಸೆಯುವ ಚಕ್ರದ ತೂಕ 2 ಕಿಲೋಗ್ರಾಂ. ಎರಡೂವರೆ ಮೀಟರ್ ಅಡ್ಡಳತೆಯ ವೃತ್ತದೊಳಗೆ ಗಿರ್ರನೆ ತಿರುಗಿ, ಆ ವೇಗವನ್ನೆಲ್ಲ ಬೆರಳ ತುದಿಗೆ ತಂದು ಅದನ್ನು ಬಿಡಬೇಕು. ನೋಡುವವರಿಗೆ ಇದು ಬರಿಯ ತೋಳ್ಬಲದ ಆಟವೆಂದು ತೋರುವುದುಂಟು. ಆದರೆ ಕಾಲು, ಸೊಂಟ, ಪಕ್ಕೆ, ಕುತ್ತಿಗೆ ಎಲ್ಲವೂ ಇಲ್ಲಿ ಒಂದಾಗಿ ದುಡಿಯಬೇಕು.

ಈ ಕ್ರೀಡೆಯಲ್ಲಿ ಅಸಾಧಾರಣ ಕೀರ್ತಿ ಗಳಿಸಿದ ಆಲ್ ಓರ್ಟರ್ 1936ರ ಸೆಪ್ಟೆಂಬರ್ 19ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಶಾಲೆಯಲ್ಲಿ ಅವನು ಮೊದಲು ಓಟಗಾರನಾಗಿದ್ದನು. ಒಂದು ದಿನ ಮೈದಾನದಲ್ಲಿ ಯಾರೋ ಎಸೆದ ಚಕ್ರ ಅವನ ಕಾಲ ಬಳಿ ಬಂದು ಬಿದ್ದಿತು. ಹುಡುಗನು ಅದನ್ನೆತ್ತಿ ಹಿಂದಕ್ಕೆ ಎಸೆದನು. ಅದು ಎಸೆದವರನ್ನೂ ದಾಟಿ ಆಚೆಗೆ ಹೋಗಿ ಬಿದ್ದಿತು! ಅಂದಿನಿಂದ ಅವನು ಚಕ್ರವನ್ನು ಬಿಡಲಿಲ್ಲ.

1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ ಕ್ರೀಡೆಗಳಿಗೆ ಹೋದಾಗ ಅವನು ಕಾನ್ಸಾಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಅವನ ಮೇಲೆ ಹೆಚ್ಚಿನ ನಿರೀಕ್ಷೆಯೇನೂ ಇರಲಿಲ್ಲ. ಆದರೂ 56.36 ಮೀಟರ್ ಎಸೆದು ಚಿನ್ನದ ಪದಕ ಪಡೆದನು. ಮರುವರ್ಷವೇ ಮೋಟಾರು ಅಪಘಾತವೊಂದರಲ್ಲಿ ಸಾವಿನ ದವಡೆಯಿಂದ ಪಾರಾದನು.

1960ರ ರೋಮ್ ಕ್ರೀಡಾಕೂಟದಲ್ಲಿ ಅವನ ಮುಖ್ಯ ಎದುರಾಳಿ ತನ್ನ ದೇಶದವನೇ ಆದ ರಿಂಕ್ ಬಾಬ್ಕಾ. ನಾಲ್ಕು ಎಸೆತಗಳು ಮುಗಿದರೂ ಬಾಬ್ಕಾನೇ ಮುಂದಿದ್ದನು. ಓರ್ಟರನು ಎಡಗೈಯನ್ನು ಹಿಡಿಯುವ ರೀತಿಯಲ್ಲಿ ದೋಷವಿರುವುದನ್ನು ಕಂಡ ಬಾಬ್ಕಾ, ತನ್ನ ಪದಕದ ಯೋಚನೆಯನ್ನು ಬದಿಗಿಟ್ಟು ಅದನ್ನು ತಿಳಿಸಿದನು. ಓರ್ಟರನು ತಿದ್ದಿಕೊಂಡು ಐದನೆಯ ಬಾರಿ ಎಸೆದ ಚಕ್ರ 59.18 ಮೀಟರ್ ದೂರ ಹೋಯಿತು. ಚಿನ್ನ ಓರ್ಟರನಿಗೆ, ಬೆಳ್ಳಿ ಬಾಬ್ಕಾನಿಗೆ ದೊರೆಯಿತು. ಆ ದಿನದ ಗೆಲುವಿನಲ್ಲಿ ಇಬ್ಬರ ಪಾಲೂ ಇತ್ತೆನ್ನಬೇಕು.

1964ರಲ್ಲಿ ಟೋಕಿಯೋಗೆ ಹೋಗುವಾಗ ಅವನ ಕುತ್ತಿಗೆಯ ಎಲುಬಿನಲ್ಲಿ ತೊಂದರೆಯಿತ್ತು. ಆಸರೆಗಾಗಿ ಕೊರಳಿಗೆ ಪಟ್ಟಿ ಕಟ್ಟಿಕೊಂಡಿದ್ದನು. ಅದು ಸಾಲದೆಂಬಂತೆ, ಸ್ಪರ್ಧೆಗೆ ಕೆಲವೇ ದಿನಗಳಿರುವಾಗ ಅಭ್ಯಾಸದಲ್ಲಿ ಪಕ್ಕೆಲುಬಿನ ಮೆದುಮೂಳೆ ಹರಿಯಿತು. ವೈದ್ಯರು ವಿಶ್ರಾಂತಿ ಬೇಕೆಂದರು. ಅವನು ಪಕ್ಕೆಗೆ ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಕಣಕ್ಕಿಳಿದನು. ವಿಶ್ವದಾಖಲೆಯ ಒಡೆಯನಾದ ಚೆಕೊಸ್ಲೊವಾಕಿಯದ ಲುಡ್ವಿಕ್ ಡಾನೆಕ್ ಮುಂದಿದ್ದನು. ಐದನೆಯ ಎಸೆತದಲ್ಲಿ ಓರ್ಟರನು ಉಳಿದ ಶಕ್ತಿಯನ್ನೆಲ್ಲ ಸುರಿದನು. ಚಕ್ರ ಕೈಬಿಟ್ಟೊಡನೆ ನೋವಿನಿಂದ ಬಾಗಿಹೋದನು. ದೂರ 61 ಮೀಟರ್. ಅದು ಒಲಿಂಪಿಕ್ ದಾಖಲೆಯಾಯಿತು.

1968ರಲ್ಲಿ ಮೆಕ್ಸಿಕೋ ನಗರದಲ್ಲಿ ಮಳೆ ಸುರಿದು ನೆಲ ಒದ್ದೆಯಾಗಿತ್ತು. ಈ ಬಾರಿ ವಿಶ್ವದಾಖಲೆ ಜೇ ಸಿಲ್ವೆಸ್ಟರನದು. ಮೂವತ್ತೆರಡು ವಯಸ್ಸಿನ ಓರ್ಟರನಾದರೋ 64.78 ಮೀಟರ್ ಎಸೆದು ನಾಲ್ಕನೆಯ ಚಿನ್ನ ಗೆದ್ದನು. ಓಟ, ನೆಗೆತ, ಎಸೆತಗಳ ಕ್ರೀಡೆಗಳಲ್ಲಿ ಒಂದೇ ಸ್ಪರ್ಧೆಯನ್ನು ಸತತವಾಗಿ ನಾಲ್ಕು ಒಲಿಂಪಿಕ್‌ಗಳಲ್ಲಿ ಗೆದ್ದವರಲ್ಲಿ ಅವನೇ ಮೊದಲಿಗ. ಸೋಜಿಗವೆಂದರೆ, ನಾಲ್ಕು ಬಾರಿಯೂ ಕಣಕ್ಕಿಳಿಯುವಾಗ ವಿಶ್ವದಾಖಲೆ ಬೇರೆಯವರದಾಗಿತ್ತು.

ಬಳಿಕ ಅವನು ಸ್ಪರ್ಧೆಗಳಿಂದ ದೂರ ಸರಿದನು. ಆದರೆ ಆಸೆ ತಣಿಯಲಿಲ್ಲ. 1980ರಲ್ಲಿ, ನಲವತ್ತಮೂರರ ಪ್ರಾಯದಲ್ಲಿ, 69.46 ಮೀಟರ್ ಎಸೆದನು. ಅವನ ಜೀವನದ ಅತಿ ದೂರದ ಎಸೆತವೇ ಅದು! ಆ ವರ್ಷದ ಅಮೆರಿಕದ ಆಯ್ಕೆಯಲ್ಲಿ ನಾಲ್ಕನೆಯವನಾದನು. ಆಯ್ಕೆ ಮೂವರಿಗೆ ಮಾತ್ರ. ಅವನ ದೇಶವೂ ಮಾಸ್ಕೋ ಕ್ರೀಡೆಗಳನ್ನು ಬಹಿಷ್ಕರಿಸಿತ್ತು.

ಮುಪ್ಪಿನಲ್ಲಿ ಅವನು ಚಿತ್ರಕಲೆಗೆ ಒಲಿದನು. ಹರಡಿದ ಬಟ್ಟೆಯ ಮೇಲೆ ಬಣ್ಣ ಸುರಿದು, ಅದರ ಮೇಲೆ ಚಕ್ರವನ್ನು ಅಪ್ಪಳಿಸಿ, ಸಿಡಿದ ಬಣ್ಣದಿಂದ ಚಿತ್ರ ಮೂಡಿಸುತ್ತಿದ್ದನು. 2007ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ಕೊನೆಯುಸಿರೆಳೆದನು.