ಪಂಡಿತಾ ರಮಾಬಾಯಿ: ಅನಾಥಳು ಕಟ್ಟಿದ ಮನೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸ್ತ್ರೀ ಸುಧಾರಣೆಯ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಚಿರಸ್ಥಾಯಿಯಾದುದು. ಅವರ ಕಾರ್ಯಕ್ಷೇತ್ರ ಮುಂಬಯಿ, ಪುಣೆಗಳಾದರೂ ಜನ್ಮಸ್ಥಳ ಕನ್ನಡನಾಡು. ಕಾರ್ಕಳದ ಸಮೀಪದ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ಪುಣೆಯಲ್ಲಿ ಸಂಸ್ಕೃತಾಧ್ಯಯನ ಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದನ್ನು ಕಂಡು ವಿಸ್ಮಿತರಾಗಿದ್ದರು. ಮುಂದೆ ಪತ್ನಿ ಲಕ್ಷ್ಮೀಬಾಯಿಗೆ ತಾವೇ ಸಂಸ್ಕೃತ ಕಲಿಸತೊಡಗಿದಾಗ ಬಂಧುಬಳಗದಿಂದ ವಿರೋಧ ಎದುರಾಯಿತು. ಆಗ ಅವರು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿಯೇ.

ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಕುಟುಂಬ ಆಶ್ರಮವನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಪುರಾಣಪ್ರವಚನವೇ ಜೀವನೋಪಾಯ, ತಾಯಿಯೇ ಮಗಳಿಗೆ ಗುರು. 1870ರ ದಶಕದ ಕ್ಷಾಮ ಈ ಅಲೆಮಾರಿ ಸಂಸಾರವನ್ನು ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವಕ್ಕೆ ಹೆಗಲು ಕೊಡಲು ಸಾಕಷ್ಟು ಜನ ದೊರೆಯದೆ, ಎತ್ತರ ಸಾಲದ ಮಗಳು ಚಟ್ಟದ ಒಂದು ತುದಿಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕಾಯಿತು. ಉಳಿದ ಅಣ್ಣ ಶ್ರೀನಿವಾಸಶಾಸ್ತ್ರಿಯೊಡನೆ ದೇಶದ ಉದ್ದಗಲಕ್ಕೂ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ತಲುಪಿದಾಗ, ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ರಮಾಬಾಯಿಯವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಕಾನೂನು ರೀತ್ಯಾ ವಿವಾಹವಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು.

ಇಪ್ಪತ್ತಮೂರರ ವಯಸ್ಸಿನಲ್ಲಿ ರಮಾಬಾಯಿಯವರಿಗೆ ತವರೂ ಇರಲಿಲ್ಲ, ಅತ್ತೆಮನೆಯ ಆಸರೆಯೂ ಇರಲಿಲ್ಲ. ಧರ್ಮಶಾಸ್ತ್ರ ದತ್ತಕವನ್ನು ಬಲ್ಲದು, ನಿಜ. ಆದರೆ ಪಿಂಡಪ್ರದಾನಕ್ಕೂ ವಂಶೋದ್ಧಾರಕ್ಕೂ ಬೇಕಾದವನು ಪುತ್ರ. ಹೆಣ್ಣುಮಗುವನ್ನು, ಅದರಲ್ಲೂ ವಿಧವೆಯಾದವಳನ್ನು, ತನ್ನವಳೆಂದು ಸ್ವೀಕರಿಸುವ ಮನೆ ಯಾವುದು? ಈ ಪ್ರಶ್ನೆ ಅವರಿಗೆ ಶಾಸ್ತ್ರಚರ್ಚೆಯಾಗಿರಲಿಲ್ಲ, ಸ್ವಂತ ಬದುಕೇ ಆಗಿತ್ತು. ಮುಂದಿನ ನಾಲ್ಕು ದಶಕಗಳ ಅವರ ಬಾಳನ್ನು ಇದಕ್ಕೆ ಹುಡುಕಿದ ಉತ್ತರವೆಂದು ನೋಡಬಹುದು.

1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ರಮಾಬಾಯಿಯವರು ಮರುವರ್ಷ ವೈದ್ಯಕೀಯ ಶಿಕ್ಷಣದ ಆಸೆಯಿಂದ ಇಂಗ್ಲೆಂಡಿಗೆ ತೆರಳಿ, ವಾಂಟೇಜಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಉಳಿದುಕೊಂಡರು. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ಸಮಾಜ ಪತಿತೆಯರೆಂದು ದೂರವಿಟ್ಟ ಹೆಂಗಸರನ್ನು ಆ ಸಹೋದರಿಯರು ಸ್ವಂತದವರಂತೆ ಉಪಚರಿಸುತ್ತಿದ್ದುದನ್ನು ಕಂಡು ಅವರು ಕಾರಣ ಕೇಳಿದರು. ಉತ್ತರವಾಗಿ ದೊರೆತದ್ದು ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗ. 1883ರ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು.

ಕ್ರೈಸ್ತ ಚಿಂತನೆಯಲ್ಲಿ ದೇವರ ಕುಟುಂಬಕ್ಕೆ ದತ್ತಾಗುವುದು ಎಂಬ ಪರಿಕಲ್ಪನೆ ಮುಖ್ಯವಾದುದು. ಸಂತ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಎಫೆಸದವರಿಗೂ ಬರೆದ ಪತ್ರಿಕೆಗಳಲ್ಲಿ ಇದು ಬರುತ್ತದೆ. ರೋಮನ್ ಕಾನೂನಿನಲ್ಲಿ ದತ್ತಕನು ಹಳೆಯ ಮನೆತನದ ಅಧೀನತೆಯಿಂದ ಬಿಡುಗಡೆ ಹೊಂದಿ, ಹೊಸ ತಂದೆಯ ಹೆಸರಿಗೂ ಆಸ್ತಿಗೂ ಪೂರ್ಣ ಹಕ್ಕುದಾರನಾಗುತ್ತಿದ್ದ. ಪೌಲನು ಈ ಲೌಕಿಕ ವಿಧಿಗೆ ಆಧ್ಯಾತ್ಮಿಕ ಅರ್ಥ ಕೊಟ್ಟನು. ವಿಶ್ವಾಸಿಯು ದೇವರಿಗೆ ಅಂಜಿ ದುಡಿಯುವ ದಾಸನಲ್ಲ, ತಂದೆಯೇ ಎಂದು ಕರೆಯಬಲ್ಲ ಮಗು. ಈ ಸ್ಥಾನ ಹುಟ್ಟಿನಿಂದಾಗಲಿ ಪುಣ್ಯಾರ್ಜನೆಯಿಂದಾಗಲಿ ಬರುವಂಥದಲ್ಲ, ಕೃಪೆಯಿಂದ ಬರುವಂಥದು. ಇಲ್ಲಿ ಸ್ತ್ರೀ-ಪುರುಷ ಭೇದವೂ ಇಲ್ಲ. ಕುಲವನ್ನೂ ಕುಟುಂಬವನ್ನೂ ಕಳೆದುಕೊಂಡಿದ್ದ ಹೆಣ್ಣೊಬ್ಬಳಿಗೆ ಈ ತತ್ತ್ವ ಎಷ್ಟು ಹತ್ತಿರದ್ದಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಹೊಸ ಮನೆಗೆ ಬಂದ ಈ ಮಗಳು ಹೇಳಿದ್ದಕ್ಕೆಲ್ಲ ತಲೆಬಾಗುವವಳಾಗಿರಲಿಲ್ಲ. ವಾಂಟೇಜಿನಲ್ಲಿ ಅವರಿಗೆ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡಿನ್ ಅವರನ್ನು ರಮಾಬಾಯಿ ಆಜೀಬಾಯಿ, ಅಂದರೆ ಅಜ್ಜಿ, ಎಂದೇ ಸಂಬೋಧಿಸುತ್ತಿದ್ದರು. ಅದೇ ಅಜ್ಜಿಯೊಡನೆ ಪತ್ರಮುಖೇನ ವರ್ಷಗಟ್ಟಲೆ ವಾದವನ್ನೂ ಮಾಡಿದರು. ಪಾದ್ರಿಗಳ ಅಧಿಕಾರವನ್ನು ಪ್ರಶ್ನಿಸದೆ ಒಪ್ಪಲು ಅವರು ಸಿದ್ಧರಿರಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವಿರಲಿ ಎಂಬುದು ಅವರ ನಿಲುವಾಗಿತ್ತು. ದೇವರ ಮಗಳಾಗಲು ಇಂಗ್ಲಿಷರ ಮಗಳಾಗಬೇಕಿಲ್ಲವೆಂಬುದೇ ಇದರ ತಾತ್ಪರ್ಯ.

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಸಮಾರಂಭಕ್ಕಾಗಿ ಅಮೆರಿಕೆಗೆ ಹೋದ ರಮಾಬಾಯಿ, ಅಲ್ಲಿ ಉಪನ್ಯಾಸಗಳಿಂದಲೂ 1887ರಲ್ಲಿ ಪ್ರಕಟವಾದ ಹಿಂದೂ ಸ್ತ್ರೀಯರ ಸ್ಥಿತಿಗತಿ ಕುರಿತ ಇಂಗ್ಲಿಷ್ ಗ್ರಂಥದಿಂದಲೂ ನೆರವನ್ನು ಸಂಪಾದಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಇಲ್ಲಿನ ವಿದ್ಯಾರ್ಥಿನಿ ಗೋದೂಬಾಯಿಯವರೇ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದವರು.

ಸದನ ಮತಪ್ರಚಾರ ಮಾಡುವುದಿಲ್ಲವೆಂಬ ಭರವಸೆಯಿತ್ತು. ಆದರೆ 1891ರ ಸುಮಾರಿಗೆ ರಮಾಬಾಯಿಯವರಲ್ಲಿ ಆಂತರಿಕ ಪರಿವರ್ತನೆಯೊಂದು ನಡೆಯಿತು. ತಮಗೆ ದಕ್ಕಿರುವುದು ಕ್ರೈಸ್ತಮತವೇ ಹೊರತು ಕ್ರಿಸ್ತನಲ್ಲವೆಂದು ಅವರಿಗೆ ತೋರಿತು. ಮುಕ್ತಿ ಎಂಬುದು ಮುಂದೆಂದೋ ಬರುವುದಲ್ಲ, ಈಗಲೇ ಸಿದ್ಧಿಸಿರುವುದು ಎಂಬ ಅರಿವು ಮೂಡಿತು. ಅವರು ಬಾಗಿಲು ಮುಚ್ಚದೆ ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಜೊತೆಗೆ ಕುಳಿತರು. 1893ರಲ್ಲಿ ವಿವಾದ ಸ್ಫೋಟಿಸಿತು. ರಾನಡೆ, ಭಂಡಾರಕರರಂಥ ಹಿತೈಷಿಗಳು ಸಲಹಾ ಮಂಡಳಿಯಿಂದ ಹೊರನಡೆದರು. ಹಲವರು ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಭರವಸೆ ಮುರಿಯಿತೆಂಬ ಅವರ ನೋವನ್ನು ಅಲ್ಲಗಳೆಯುವಂತಿಲ್ಲ. ಹೊಸ ಕುಟುಂಬವೊಂದಕ್ಕೆ ಸೇರಬೇಕಾದರೆ ಹಳೆಯದನ್ನು ತೊರೆಯಲೇಬೇಕೆ ಎಂಬ ಪ್ರಶ್ನೆ ಅಂದು ಎದ್ದದ್ದು, ಇಂದಿಗೂ ತೀರ್ಮಾನವಾಗಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ರಮಾಬಾಯಿಯವರಿಗೆ ತಮ್ಮ ಬಾಲ್ಯವೇ ಎದುರು ನಿಂತಂತಾಯಿತು. ತಾವೇ ಹೋಗಿ ನೂರಾರು ಅನಾಥೆಯರನ್ನು ಕರೆತಂದರು. ಪುಣೆಯಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಬೆಳೆದ ಮುಕ್ತಿ ಸದನ, 1900ರ ವೇಳೆಗೆ ಸುಮಾರು 1,500 ಮಂದಿಯ ಮನೆಯಾಗಿತ್ತು. ನೇಯ್ಗೆ, ಬೇಸಾಯ, ಹೈನುಗಾರಿಕೆ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬ್ರೈಲ್ ಕಲಿಸಲಾಯಿತು. ದಾರಿ ತಪ್ಪಿದವರೆನಿಸಿಕೊಂಡ ಹೆಂಗಸರಿಗೆ ಕೃಪಾ ಸದನ ತೆರೆಯಿತು. ಫುಲ್‌ಹ್ಯಾಮಿನಲ್ಲಿ ಕಂಡದ್ದು ಕೇಡಗಾಂವ್‌ನ ಮಣ್ಣಿನಲ್ಲಿ ಬೇರೂರಿತು. ದತ್ತುತತ್ತ್ವ ಇಲ್ಲಿ ಬರಿಯ ಬೋಧನೆಯಾಗಿ ಉಳಿಯದೆ ಅನ್ನ, ಬಟ್ಟೆ, ಅಕ್ಷರಗಳ ರೂಪ ತಾಳಿತು.

1912ರಲ್ಲಿ ಅಂದಿನ ನಿಜಾಮ ಸಂಸ್ಥಾನದ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಮನೋರಮಾ ಅವರು ಶಾಲೆಯೊಂದನ್ನು ತೆರೆದರು. ತಾಯಿ ಹುಟ್ಟಿದ ಭಾಷಾಪ್ರದೇಶಕ್ಕೆ ಮಗಳು ಮರಳಿದಂತಾಯಿತು. ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಸಾಮಾನ್ಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದರು. ಉತ್ತರಾಧಿಕಾರಿಯಾಗಬೇಕಿದ್ದ ಮನೋರಮಾ 1921ರ ಜುಲೈಯಲ್ಲಿ ತೀರಿಕೊಂಡರು. ಒಡಲಿನ ಮಗಳನ್ನೂ ಕಳೆದುಕೊಂಡ ತಾಯಿ ಅನುವಾದದ ಕೆಲಸವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಅವರ ವಂಶ ಅಲ್ಲಿಗೆ ನಿಂತಿತು. ಆದರೆ ಒಮ್ಮೆ ತಾಯಿಯ ಚಟ್ಟಕ್ಕೆ ನಾಲ್ಕು ಹೆಗಲು ಕಾಣದಿದ್ದ ಆ ಹೆಣ್ಣುಮಗಳು ಹಿಂದೆ ಬಿಟ್ಟುಹೋದದ್ದು ನೂರಾರು ಮಕ್ಕಳ ತುಂಬಿದ ಮನೆಯನ್ನು.